ಬೆಕ್ಕು ಕೊಟ್ಟ ಅಕ್ಷತೆ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಯಾರ ಮನೆಯ ದೇವರು ಹೆಚ್ಚು ಜಾಗೃತ ಎಂಬುದರ ಮೇಲೆ ಹೆಂಗಸರು ಪೈಪೋಟಿ ನಡೆಸುತ್ತಿದ್ದ ಕಾಲವದು. ನನಗಾಗ ಹತ್ತು ವರ್ಷ. ನಮ್ಮದು ಚಾದರದ ವ್ಯಾಪಾರದ ಮನೆ. ಯಜಮಾನಿಕೆ ದೊಡ್ಡವ್ವನದು, ಅಂದರೆ ಅಪ್ಪನ ಅಣ್ಣನ ಹೆಂಡತಿಯದು. ಪ್ರತಿ ಗುರುವಾರ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಸ್ವಾಮಿಯ ದರ್ಶನಕ್ಕೆ ಹೋಗಿಬರುತ್ತಿದ್ದಳು. ಬಂದವಳು ಪ್ರಸಾದ ಹಂಚುವ ಮೊದಲು ದಾರಿಯಲ್ಲಿ ತನಗಾದ 'ಅನುಭವ'ವನ್ನು ಹಂಚುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಅದು ಅನುಭವವೇ.

ಆ ಬೇಸಿಗೆಯಲ್ಲಿ ನನಗೊಂದು ಬೆಕ್ಕಿತ್ತು. ಹೆಸರು ಮನಿ. ಅದು ಮರಾಠಿಯವರು ಬೆಕ್ಕಿಗೆ ಇಡುವ ಹೆಸರು. ನಮ್ಮ ಮಾತಿನಲ್ಲಿ ಮನಿ ಅಂದರೆ ಮನೆ. "ಮನಿ ಮನ್ಯಾಗಿಲ್ಲ" ಅಂತ ನಾನು ಕೂಗಿದರೆ ಅಣ್ಣ ಬಿದ್ದು ಬಿದ್ದು ನಗುತ್ತಿದ್ದ. ಶೇಂಗಾ ಹುರಿಯುವ ವಾಸನೆ ಬಂದರೆ ಕುಂಟೆಬಿಲ್ಲೆ ಬಿಟ್ಟು ಅಡುಗೆಮನೆಗೆ ಓಡುವ ನನ್ನ ಹಿಂದೆ ಅದೂ ಓಡಿಬರುತ್ತಿತ್ತು. ಆದರೆ ಆ ವರ್ಷ ಎಷ್ಟು ತಿಂದರೂ ಅದರ ಬೆನ್ನುಮೂಳೆ ಕೈಗೆ ಹತ್ತುತ್ತಿತ್ತು. ಕೂದಲು ಒರಟಾಗಿತ್ತು, ದಿನವಿಡೀ ಕೆರೆದುಕೊಳ್ಳುತ್ತಿತ್ತು. "ದೃಷ್ಟಿ ಆಗೇತಿ" ಎಂದು ದೊಡ್ಡವ್ವ ಅದರ ಕೊರಳಿಗೆ ಕರಿದಾರ ಕಟ್ಟಿದಳು. ದಾರದ ಕೆಳಗೆ ಚಿಗಟಗಳು ಆರಾಮಾಗಿ ಸಂಸಾರ ಮಾಡಿಕೊಂಡಿದ್ದವು.

ನಮ್ಮಲ್ಲಿ ಪಾತ್ರೆ ತಿಕ್ಕಲು ಬರುತ್ತಿದ್ದ ಶಾಂತಾಬಾಯಿಯ ಊರು ಚಪಳಗಾಂವ. ಆಕೆ ಒಂದು ದಿನ ಮನಿಯ ಬಾಲದ ಬುಡದ ಕೂದಲು ಬಿಡಿಸಿ, ಅಲ್ಲಿದ್ದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಒರೆಸಿ ತೋರಿಸಿದಳು. ಪುಡಿ ಕೆಂಪಾಗಿ ಹರಡಿತು.

"ಮಣ್ಣಲ್ಲ ತಂಗೀ, ಚಿಗಟದ ಹೇಲು. ಕುಡಿದ ರಕ್ತ ಐತಿ ಅದರಾಗ. ಬೆಕ್ಕು ಮೈ ನೆಕ್ಕೋವಾಗ ಚಿಗಟ ನುಂಗತೈತಿ, ಹೊಟ್ಟ್ಯಾಗ ಜಂತ ಆಗತಾವ. ಬಾಲದ ಬುಡಕ ಅಕ್ಕಿಕಾಳಿನಂಗ ಕಾಣತಾವ, ನೋಡ್ತಿರು."

ಮರುದಿನ ಬೆಳಿಗ್ಗೆ ಬಾಲ ಎತ್ತಿ ನೋಡಿದೆ. ಒಂದು ಅಕ್ಕಿಕಾಳು ಮೈ ಹಿಗ್ಗಿಸಿ, ಕುಗ್ಗಿಸಿ, ಮುಂದಕ್ಕೆ ಹೋಯಿತು.

ಮನಿ ಮಲಗುತ್ತಿದ್ದದ್ದು ದೇವರ ಕೋಣೆಯಲ್ಲಿ, ದೊಡ್ಡವ್ವ ಜಪಕ್ಕೆ ಕೂರುವ ಕೆಂಪು ಗಾದಿಯ ಮೇಲೆ. ಆ ಗುರುವಾರ ಮಧ್ಯಾಹ್ನ ಅಕ್ಕಲಕೋಟದಿಂದ ಬಂದ ದೊಡ್ಡವ್ವ ಗಾದಿ ನೋಡಿ ಚೀರಿದಳು.

"ಅಕ್ಷತಾ! ನಾ ಬರೋದ್ರಾಗ ಅಕ್ಷತಾ ಬಿದ್ದಾವ!"

ಒಣಗಿದ ಹತ್ತಾರು ಕಾಳು. ಅವನ್ನು ಬೆಳ್ಳಿ ಬಟ್ಟಲಿಗೆ ತುಂಬಿ ಕುಂಕುಮ ಹಚ್ಚಿದಳು. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರು ಸೆರಗು ಹೊದ್ದು ಬಂದರು. ದೊಡ್ಡವ್ವ ಮೊದಲು ತನ್ನ ತಲೆಗೆ, ಆಮೇಲೆ ಅವರ ತಲೆಗೆ ಒಂದೊಂದೇ ಕಾಳು ಇಡತೊಡಗಿದಳು. ಸೀರೆಯ ನೂಲು ಮುಟ್ಟಿ ನೋಡಿ ಅಸಲಿ ನಕಲಿ ಹೇಳುತ್ತಿದ್ದ ಹೆಂಗಸರು ಅವರು. ಒಬ್ಬಳಾದರೂ ಆ ಕಾಳನ್ನು ಬೆಳಕಿಗೆ ಹಿಡಿದು ನೋಡಲಿಲ್ಲ.

ಶಾಂತಾಬಾಯಿ ಹೊಸ್ತಿಲಾಚೆ ನಿಂತಿದ್ದಳು. ಜಾತಿಯ ಕಾರಣಕ್ಕೆ ಆಕೆಗೆ ದೇವರ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಅಲ್ಲಿಂದಲೇ ಹೇಳಿದಳು:

"ಅಕ್ಕಾರ, ತಲಿ ಮ್ಯಾಲ ಇಟ್ಕೋಬ್ಯಾಡ್ರಿ. ಅಕ್ಷತಾ ಅಲ್ರಿ ಅವು, ಬೆಕ್ಕಿನ ಹೊಟ್ಟ್ಯಾಗಿನ ಜಂತ."

ದೊಡ್ಡವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಕಿವಿಯಲ್ಲಿ, "ಹುಳಾ ಅಂದ್ರ ಇವತ್ತ ನಿನ್ನ ಬೆಕ್ಕಿನ್ನ ಚೀಲದಾಗ ಹಾಕಿ ವಾಗದರಿ ಹಾದ್ಯಾಗ ಬಿಟ್ಟು ಬರಸ್ತೀನಿ" ಅಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಬೆಕ್ಕಿನ ಜೋಡಿ ಇಡೀ ದಿನ ಇರತೀಯಲ್ಲ, ಹೇಳು. ಅಕ್ಕಿ ಅದಾವೋ, ಹುಳಾ ಅದಾವೋ?"

ನಾನು ಮನಿಯನ್ನು ನೋಡಿದೆ. ಶಾಂತಾಬಾಯಿಯನ್ನು ನೋಡಲಿಲ್ಲ.

"ಅಕ್ಕಿ" ಅಂದೆ.

ಹೆಂಗಸರ ಜೀವ ನಿರಾಳವಾಯಿತು. ದೇವರ ಕಾಳಿಗೆ ಹುಳ ಅಂದ ತಪ್ಪಿಗೆ ಶಾಂತಾಬಾಯಿಗೆ ನಾಳೆಯಿಂದ ಬರಬೇಡ ಎಂದಾಯಿತು. ಆಕೆಯನ್ನು ಹೊಸ್ತಿಲು ದಾಟಲು ಬಿಡದವರು ಬೆಕ್ಕಿನ ಹುಳವನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋದರು. ಅವರ ಮೇಲೆ ಅಂದು ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ. ನನ್ನ ಮೇಲಿನದೂ ಹೋಗಿಲ್ಲ.

ಹಿತ್ತಿಲ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಆಕೆ ನನ್ನನ್ನು ಬೈಯಲಿಲ್ಲ.

"ದನದ ದವಾಖಾನಿಗೆ ಒಯ್ಯಿ ತಂಗೀ. ತೂಕಾ ನೋಡಿ ಗುಳಿಗಿ ಕೊಡತಾರ. ಮಂದಿ ಗುಳಿಗಿ ಹಾಕಬ್ಯಾಡ. ಗಾದಿ ಅರವಿ ಬಿಸಿ ನೀರಾಗ ಒಗಸು. ಚಿಗಟ ಉಳದ್ರ ಜಂತ ಮತ್ತ ಬರತಾವ."

ಅಣ್ಣನ ಸೈಕಲ್ಲಿನ ಮೇಲೆ ಬುಟ್ಟಿಯಲ್ಲಿಟ್ಟು ಮನಿಯನ್ನು ಒಯ್ದೆವು. ಗುಳಿಗೆ ಹೊಟ್ಟೆಗೆ ಬಿತ್ತು, ಚಿಗಟಕ್ಕೆ ಔಷಧ ಸಿಕ್ಕಿತು, ಮಳೆಗಾಲದ ಹೊತ್ತಿಗೆ ಬೆಕ್ಕು ಮೈ ತುಂಬಿಕೊಂಡಿತು. ಅಕ್ಷತೆಯ ಮಹಿಮೆ ಎಂದು ದೊಡ್ಡವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು.

ಮನಿ ಈಗಿಲ್ಲ, ದೊಡ್ಡವ್ವನೂ ಇಲ್ಲ. ಆ ಅಕ್ಷತೆಯ ಕಥೆ ಮಾತ್ರ ನಮ್ಮ ಮನೆತನದಲ್ಲಿ ಗಟ್ಟಿಯಾಗಿದೆ. ಅದರಲ್ಲಿ ಶಾಂತಾಬಾಯಿಯ ಹೆಸರಿಲ್ಲ. ನನ್ನ ಈಗಿನ ಬೆಕ್ಕಿಗೆ ಸಣ್ಣ ಹಲ್ಲಿನ ಬಾಚಣಿಗೆಯಿದೆ, ಗುಳಿಗೆಯ ತಾರೀಖು ಬರೆದ ಕಾರ್ಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಒಬ್ಬಳಿದ್ದಳು, ಅವಳನ್ನು ನಾನೇ ಕಳೆದುಕೊಂಡೆ. ಚಪಳಗಾಂವಕ್ಕೆ ಬಸ್ಸು ದಿನವೂ ಹೋಗುತ್ತದೆ, ನಾನು ಒಮ್ಮೆಯೂ ಹತ್ತಲಿಲ್ಲ.

ಹೋದ ವಾರ ದವಾಖಾನೆಯ ಡಾಕ್ಟರ್ ಹುಡುಗಿ ಬೆಕ್ಕಿನ ಬಾಲ ಎತ್ತಿ ಕೇಳಿದಳು: "ಕಾಕೂ, ಇಲ್ಲಿ ಅಕ್ಕಿಕಾಳಿನಂಥವು ಏನರ ಕಂಡಾವೇನ್ರಿ?"

"ಅಕ್ಕಿ ಅಲ್ಲವ್ವಾ, ಹುಳ" ಅಂದೆ, ಗಟ್ಟಿಯಾಗಿಯೇ ಅಂದೆ.

ಮೊದಲೇ ಗೊತ್ತಿರುವವರ ಮುಂದೆ ನಿಜ ಹೇಳಲು ನನಗೆ ಧೈರ್ಯಕ್ಕೇನೂ ಕಡಿಮೆಯಿಲ್ಲ.