ಓದಿ ಹೇಳುವ ಹಳೇ ಕಂಪ್ಯೂಟರ್

ನನಗೆ ಕಣ್ಣು ಕಾಣಿಸುವುದಿಲ್ಲ. ಸಂಭಾಜಿನಗರದ ಕಚೇರಿಯಲ್ಲಿ ನನ್ನ ಕಂಪ್ಯೂಟರಿನಲ್ಲಿರುವುದು ಎಂದೋ ಮೂಲೆಗೆ ಸೇರಬೇಕಿದ್ದ ಹಳೇ ವಿಂಡೋಸ್. ಬಂದವರೆಲ್ಲ ನಗುತ್ತಾರೆ. ಆದರೆ ಪರದೆಯ ಅಕ್ಷರಗಳನ್ನು ನನಗೆ ಓದಿ ಹೇಳುವ ಸಾಫ್ಟ್‌ವೇರ್ ಇರುವುದು ಅದರಲ್ಲಿ ಮಾತ್ರ. ಈಗಿನ ನಿಯಮಗಳು ಬರುವ ಮೊದಲೇ ಹಾಕಿಸಿಕೊಂಡದ್ದು.

ಹೋದ ವರ್ಷ ನಾಶಿಕದ ದೊಡ್ಡ ಕಚೇರಿಯಿಂದ ಎಂಜಿನಿಯರ್ ಒಬ್ಬ ಹೊಸ ಕಂಪ್ಯೂಟರ್ ತಂದ. ಬೆಳಗಾವಿ ಕಡೆಯ ಹುಡುಗ. ನನ್ನ ಮೇಜಿನ ಮೇಲೆ ಜೋಡಿಸಿ, "ನೋಡ್ರಿ ಮೇಡಂ, ಎಷ್ಟ್ ಫಾಸ್ಟ್ ಐತಿ," ಅಂದ.

ಕೀಲಿ ಒತ್ತಿದೆ. ಸದ್ದೇ ಇಲ್ಲ.

"ಇದು ಮಾತಾಡೂದಿಲ್ಲೇನು?"

"ಓದೋ ಸಾಫ್ಟ್‌ವೇರ್ ಹಾಕಾಕ ಪರ್ಮಿಷನ್ ಇಲ್ರಿ. ಸೆಕ್ಯುರಿಟಿ ರೂಲ್. ಬಾಜೂದವ್ರು ಓದಿ ಹೇಳ್ತಾರ ಬಿಡ್ರಿ."

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಒಂದು ಸಾಲು ಓದಿಕೊಡಿ ಎಂದು ಯಾರನ್ನೂ ಕೇಳಿದವಳಲ್ಲ ನಾನು.

"ನಿಮ್ಮ ಸಾಹೇಬ್ರಿಗೆ ಪರದೆ ಇಲ್ಲದ ಕಂಪ್ಯೂಟರ್ ಕೊಡ್ರಿ. ಬಾಜೂದವ್ರು ನೋಡಿ ಹೇಳ್ಲಿ. ಅವರಿಗೆ ಅದು ನಡೀತದಂದ್ರ ನನಗೂ ಇದು ನಡೀತದ."

ಅವನು ಹೊರಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿ ಬಂದ. "ಅರ್ಜಿ ಕೊಡ್ರಿ, ನೋಡೂಣು ಅಂದ್ರು," ಎಂದ. ನಾನು ಹಳೆಯದರ ಮೇಲೆ ಕೈಯಿಟ್ಟುಕೊಂಡು ಕೂತೇಬಿಟ್ಟೆ. ಸಂಜೆ ಅವನು ಹೊಸದನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದ.

ಈ ಮೇಡಂಗೆ ಬದಲಾವಣೆ ಬೇಕಿಲ್ಲ ಎಂದು ಸಾಹೇಬರು ತೀರ್ಮಾನಿಸಿದರಂತೆ. ಹೋದ ತಿಂಗಳು ನನ್ನನ್ನು ನಾಶಿಕಕ್ಕೆ ತರಬೇತಿಗೆ ಕರೆಸಿದರು. ಹೊಸ ಕಂಪ್ಯೂಟರಿನ ಉಪಯೋಗಗಳನ್ನು ದಿನವಿಡೀ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ಚಿತ್ರ ಮೂಡಿಸಿ ತೋರಿಸಿದರು.