ದಿವಾಳಿ ಅರ್ಜಿ ಬೇಡವೆಂದ ಶಿವಣ್ಣ

“ದಿವಾಳಿ ಅರ್ಜಿ ಹಾಕಿದ್ರೆ ಹೆಸರು ಪೇಪರಲ್ಲಿ ಬರತ್ತಾ ಮೇಡಂ?” ಎಂದು ಶಿವಣ್ಣ ಕೇಳಿದಾಗಲೇ ಇವತ್ತಿನ ಕೆಲಸ ಕೆಟ್ಟಿತು, ಗೆಳೆಯರೇ. ಸಾರಕ್ಕಿಯಲ್ಲಿ ನಮ್ಮ ಪಕ್ಕದ ಮನೆಯವನು. ಬೇಕರಿ ಮುಚ್ಚಿ, ಸಾಲ ತೀರಿಸಲಾಗದೆ ಕುಸಿದು ಕೂತಿದ್ದವನನ್ನು ಜಯನಗರದ ಉಚಿತ ಕಾನೂನು ನೆರವಿನ ಶಿಬಿರಕ್ಕೆ ನಾನೇ ಕರೆದೊಯ್ದಿದ್ದೆ.

“ಪೇಪರಲ್ಲಿ ಒಂದು ನೋಟಿಸ್ ಕೊಡ್ಬೇಕಾಗತ್ತೆ. ಆದ್ರೆ ಕೋರ್ಟ್ ಒಪ್ಪಿದ್ರೆ ಸಾಲದವರ ಕಾಟ ನಿಲ್ಲತ್ತೆ. ಫೀಸ್ ಇಲ್ಲ, ಕೇಸ್ ನಾನೇ ನಡೆಸ್ತೀನಿ,” ಎಂದರು ಲಾಯರ್ ಮೇಡಂ.

“ಬೇಡ ಬಿಡಿ. ಮಗಳಿಗೆ ಗಂಡು ನೋಡ್ತಿದೀವಿ,” ಎಂದು ಶಿವಣ್ಣ ಎದ್ದೇಬಿಟ್ಟ. ಎಷ್ಟು ಹೇಳಿದರೂ ಕೂರಲಿಲ್ಲ.

ನಾವು ವಾಪಸ್ ಬಂದಾಗ ಸಾಲ ವಸೂಲಿಯವರಿಬ್ಬರು ಅವನ ಗೇಟಿನ ಮುಂದೆ ನಿಂತು, “ಲೇ ಶಿವಣ್ಣ, ಆಚೆ ಬಾರೋ!” ಎಂದು ಕಿರುಚುತ್ತಿದ್ದರು. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಬೀದಿಯವರೆಲ್ಲ ಬಾಲ್ಕನಿಗಳಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬರ ಮನೆಗೂ ಪೇಪರ್ ಬರುವುದಿಲ್ಲ.