ಫಾರಂನ ಪರದೇಶಿ ಕಾಲಂ

ಶಹಾಪುರದ ಹತ್ತಿರ ಕಾಲುವೆ ಕ್ಯಾಂಪಿನ ಪಕ್ಕದ ಒಂದು ಕೃಷಿ ಕಾಲೇಜಿನಲ್ಲಿ ನಾನು ಗುಮಾಸ್ತೆಯಾಗಿದ್ದೆ. ಕಾಲುವೆಗೆ ನೀರು ಬಿಟ್ಟ ವಾರ ಆಫೀಸಿನ ಕಿಟಕಿಯಿಂದ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಊಟದ ಬಿಡುವಿನಲ್ಲಿ ಕಾಲುವೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಆ ದಿನಗಳು ಈಗಲೂ ಬೇಕು ಅನಿಸುತ್ತದೆ. ಆ ಫಾರಂ ಮಾತ್ರ ಬೇಡ.

ನಮ್ಮ ವಿಶ್ವವಿದ್ಯಾಲಯ ದೇಶದಲ್ಲಿ ಎಷ್ಟನೆಯದು ಎಂದು ತೀರ್ಮಾನಿಸುವ ಫಾರಂ ಅದು. ವರ್ಷಕ್ಕೊಮ್ಮೆ ಎಲ್ಲ ಕಾಲೇಜುಗಳಿಗೂ ಬರುತ್ತಿತ್ತು. ಡಾಕ್ಟರೇಟ್ ಆದ ಮೇಷ್ಟ್ರುಗಳೆಷ್ಟು, ಅವರ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಪಾಸಾದವರಿಗೆ ಕೆಲಸ ಸಿಕ್ಕಿತೇ, ಹೊರಗಿನವರು ನಮ್ಮ ಬಗ್ಗೆ ಏನನ್ನುತ್ತಾರೆ, ಹೀಗೆ ಮುಗಿಯದ ಪ್ರಶ್ನೆಗಳು. ದೋರನಹಳ್ಳಿಯ ರೈತನೊಬ್ಬ ಎಲೆ ಮುದುಡಿದ ಹತ್ತಿ ಗಿಡ ಹಿಡಿದು ಬಂದರೆ ನಮ್ಮ ಮೇಷ್ಟ್ರು ಊಟ ಬಿಟ್ಟು ಅವನ ಹೊಲಕ್ಕೆ ಹೋಗುತ್ತಿದ್ದರು. ಅದಕ್ಕೊಂದು ಕಾಲಂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಗ್ಲಿಷ್ ಫಾರಂ ಅನ್ನು ಹಾಸ್ಟೆಲಿನವರಿಗಾಗಿ ಕನ್ನಡ ಮಾಡುವ ಕೆಲಸ ನನ್ನದು. ಬೇರೆ ದೇಶದ ಮಕ್ಕಳು ಓದುತ್ತಿದ್ದರೆ ಅಂಕ ಜಾಸ್ತಿ. ಆ ಕಾಲಂಗೆ ನಾನು ‘ಪರದೇಶಿ ವಿದ್ಯಾರ್ಥಿಗಳು’ ಎಂದು ಬರೆದೆ. ಹೆತ್ತವರಿಲ್ಲದವರನ್ನು ನಮ್ಮ ಕಡೆ ಪರದೇಶಿ ಅನ್ನುತ್ತಾರೆ. ಸುರಪುರದಲ್ಲಿ ಹುಟ್ಟಿ ಬೆಳೆದ ನಾನೂ ಅದನ್ನು ಸಾವಿರ ಸಲ ಅಂದವಳೇ. ಆದರೆ ಕಾಗದ ಕಂಡರೆ ನನಗೆ ಪುಸ್ತಕದ ಕನ್ನಡದ ಜಂಬ ಹತ್ತುತ್ತಿತ್ತು.

ಹುಡುಗಿಯರ ಹಾಸ್ಟೆಲಿನ ಅಡುಗೆಯಾಕೆಗೆ ಫಾರಂ ಓದಿ ಹೇಳಿದೆ.

“ಪರದೇಶಿ ಒಬ್ಬಾಕಿ ಅದಾಳ್ರಿ,” ಅಂದಳು.

ಯಾರು ಏನು ಎಂದು ಕೇಳದೆ ‘ಒಂದು’ ಎಂದು ಬರೆದೆ. ಪ್ರಿನ್ಸಿಪಾಲರು ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. “ನೇಪಾಳದಾಕಿ ಇರಬೇಕು. ಪಾಸ್‌ಪೋರ್ಟ್ ಸಮೇತ ಕರ್ಕೊಂಡು ಬರ್ರಿ,” ಅಂದರು.

ನಾನು ಫಾರಂ ಹಿಡಿದು ಹಾಸ್ಟೆಲಿಗೆ ಓಡಿದೆ. ಹುಡುಗಿಯರೆಲ್ಲ ರೊಟ್ಟಿ, ಪುಂಡಿ ಪಲ್ಯ ಉಣ್ಣುತ್ತ ಕೂತಿದ್ದರು. ಬಾಗಿಲಲ್ಲೇ ನಿಂತು ಅಡುಗೆಯಾಕೆಗೆ, “ಯಕ್ಕಾ, ಆ ಪರದೇಶಿ ಹುಡುಗಿ ಯಾರು? ಪ್ರಿನ್ಸಿಪಾಲ್ ಸಾಹೇಬ್ರು ಕರೀತಾರ,” ಎಂದು ಕೂಗಿದೆ.

ಅಡುಗೆಯಾಕೆಯ ಕಣ್ಣು ತಡೆಯಲಾರದೆ ಒಬ್ಬ ಹುಡುಗಿಯ ಕಡೆ ಹೋಯಿತು. ಎಲ್ಲರೂ ಅತ್ತ ತಿರುಗಿದರು. ಕೆಂಭಾವಿಯ ಹುಡುಗಿ. ಅಪ್ಪ ಅವ್ವ ಊರಲ್ಲಿದ್ದಾರೆ, ಹಬ್ಬಕ್ಕೆ ಅವರ ಹತ್ತಿರ ಹೋಗುತ್ತೇನೆ ಎಂದು ಎರಡು ವರ್ಷದಿಂದ ಗೆಳತಿಯರಿಗೆ ಹೇಳಿಕೊಂಡು ಬಂದಿದ್ದಳು. ಅವಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆಗ ನನಗೆ ನನ್ನ ಕನ್ನಡ ಅರ್ಥವಾಯಿತು.

“ಎಷ್ಟು ಮಂದಿ ಅಂತ ಕೇಳಿದ್ರಿ, ಹೇಳೀನಿ,” ಅಂದಳು ಅಡುಗೆಯಾಕೆ ಸಣ್ಣ ದನಿಯಲ್ಲಿ. “ಹಿಂಗ ನಾಲ್ಕು ಮಂದಿ ಮುಂದ ಕರೀರಿ ಅಂದಿದ್ದಿಲ್ಲ.”

ಹುಡುಗಿ ಕೈ ತೊಳೆದು ನನ್ನ ಮುಂದೆ ಬಂದು ನಿಂತಳು. ಕಾಲೇಜು ಬಿಟ್ಟು ಹೋಗುತ್ತಾಳೇನೋ ಎಂದು ನನ್ನ ಜೀವ ಹಿಡಿಯಷ್ಟಾಯಿತು. ತಪ್ಪು ನನ್ನದು, ಆ ಕಾಲಂ ಬೇರೆ ದೇಶದವರಿಗೆ ಎಂದು ತೊದಲಿದೆ. ಅವಳು ಫಾರಂ ನೋಡಿದಳು, ಆಮೇಲೆ ಗೆಳತಿಯರನ್ನು ನೋಡಿದಳು.

“ಸೊನ್ನಿ ಬರೀರಿ ಮೇಡಂ,” ಅಂದಳು. ಅಡುಗೆಯಾಕೆಯ ಕಡೆ ಕೈ ಮಾಡಿದಳು. “ನಮ್ಮಪ್ಪ ಅವ್ವ ಇಲ್ಲ, ಖರೆ. ಹಬ್ಬಕ್ಕ ನಾ ಹೋಗೂದು ಈ ಯಕ್ಕನ ಮನಿಗೆ. ಮನಿ ಇದ್ದಾಕಿ ಪರದೇಶಿ ಹೆಂಗ ಆಗ್ತಾಳ್ರಿ?”

ನಾನು ಊಟದ ಮೇಜಿನ ಮೇಲೇ ಫಾರಂ ಇಟ್ಟು ‘ಒಂದು’ ಹೊಡೆದು ಹಾಕಿದೆ. ಅಡುಗೆಯಾಕೆ ರೊಟ್ಟಿಯ ಹಂಚಿನ ಕಡೆ ಮುಖ ತಿರುಗಿಸಿ ನಿಂತಿದ್ದಳು.

“ಸೊನ್ನೀನೇ ಬರೀರಿ ಮೇಡಂ,” ಅಂದಳು. “ನಾನೇ ತಪ್ಪು ಎಣಿಸಿದ್ದೆ.”